ರಂಪಣಿ ಹಗ್ಗಕ್ಕೆ ಕಟ್ಟಿದ ಜೀಪು

೧೯೮೫ರಲ್ಲಿ ನಾನು ಓದು ನಿಲ್ಲಿಸಿದೆ. ಒಂಬತ್ತನೇ ಇಯತ್ತೆ. ಆರು ತಿಂಗಳ ಪರೀಕ್ಷೆ ಬರೆದಿದ್ದೆ, ವರ್ಷದ ಪರೀಕ್ಷೆಗೆ ಕೂರಲಿಲ್ಲ. ಮನೆಯವರು ಬಿಡಿಸಿದರು ಎಂದರೆ ಕೇಳುವವರಿಗೆ ಕನಿಕರ ಬರುತ್ತದೆ. ನನಗೆ ಅದು ಬೇಡ. ಆ ವರ್ಷ ಅಪ್ಪನ ಎಡಗೈಯ ಮೂರು ಬೆರಳು ರಂಪಣಿಯ ಹಗ್ಗಕ್ಕೆ ಸಿಕ್ಕಿ ಹೋದವು. ಹಗ್ಗದಲ್ಲಿ ಅವನ ಜಾಗ ಖಾಲಿ ಬಿತ್ತು. ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ನಾನು ಹೋಗಿ ಆ ಜಾಗದಲ್ಲಿ ನಿಂತೆ. ಹೋಗು ಎಂದು ಯಾರೂ ಹೇಳಿರಲಿಲ್ಲ. ಬೇಡ ಎಂದೂ ಯಾರೂ ಹೇಳಲಿಲ್ಲ.

ರಂಪಣಿ ಎಂದರೆ ದಂಡೆಯಿಂದಲೇ ಎಳೆಯುವ ದೊಡ್ಡ ಬಲೆ. ದೋಣಿಯವರು ಅದನ್ನು ಸಮುದ್ರದಲ್ಲಿ ಅರ್ಧಚಂದ್ರದ ಹಾಗೆ ಬಿಟ್ಟು ಬರುತ್ತಾರೆ. ಬಲೆಯ ಎರಡು ತುದಿಯಿಂದ ಎರಡು ಹಗ್ಗ ದಂಡೆಗೆ ಬರುತ್ತವೆ. ಒಂದೊಂದು ಹಗ್ಗಕ್ಕೆ ಇಪ್ಪತ್ತು ಜನ ನಿಂತು, ಹಿಂದೆ ಹಿಂದೆ ಹೆಜ್ಜೆ ಇಡುತ್ತ ಎಳೆಯಬೇಕು. ಕೂಗುವವನೊಬ್ಬ ಇರುತ್ತಾನೆ, ಅವನ 'ಹೋಯ್' ಬಿದ್ದಾಗ ಒಂದು ಎಳೆತ, ಮುಂದಿನ 'ಹೋಯ್' ತನಕ ತಡೆದು ನಿಲ್ಲುವುದು. ಬಲೆ ಮೇಲೆ ಬಂದಾಗ ತಾಂಡೇಲ, ಅಂದರೆ ಬಲೆಯ ಯಜಮಾನ, ಮೀನನ್ನು ಮರಳಿನ ಮೇಲೆ ರಾಶಿ ಹಾಕುತ್ತಾನೆ. ಹಗ್ಗ ಹಿಡಿದವನಿಗೆ ಒಂದು ರಾಶಿ. ಮೀಸೆ ಬಾರದವನಿಗೆ ಅರ್ಧ ರಾಶಿ. ಅದೇ ಪಾಲು.

ನಮ್ಮ ದಂಡೆ ಅಮದಳ್ಳಿ ದಾಟಿ ಅಂಕೋಲೆಯ ಕಡೆಗೆ ಬರುವಾಗ ಸಿಗುತ್ತದೆ. ಅಲ್ಲಿ ತಾಂಡೇಲನಾಗಿದ್ದವನು ನನ್ನ ಮಾವ, ಅವ್ವನ ಅಣ್ಣ. ಎರಡು ವರ್ಷ ಅಪ್ಪನ ಜಾಗದಲ್ಲಿ ನಿಂತು ಎಳೆದೆ. ಅಂಗೈಯ ಸಿಪ್ಪೆ ಮೂರು ಸಲ ಎದ್ದು ಮತ್ತೆ ಬಂತು. ಎರಡು ವರ್ಷವೂ ಅರ್ಧ ರಾಶಿ. ಒಂದು ದಿನ ಬಾಯಿ ಬಿಟ್ಟು ಕೇಳಿದೆ.

"ಮಾವ, ನಾನೂ ಅಪ್ಪನ ಜಾಗದಲ್ಲೇ ನಿಂತ್ಕಂಡಿದ್ದೆ. ಪೂರ್ತಿ ಪಾಲು ಯಾಕಿಲ್ಲ?"

"ಜಾಗ ಅಪ್ಪಂದು ತಮಾ, ಕೈ ನಿಂದು," ಎಂದ ಮಾವ. ಹಗ್ಗದವರೆಲ್ಲ ನಕ್ಕರು. ಪಕ್ಕದಲ್ಲೇ ಕೂತು ಒಂದೇ ಕೈಯಲ್ಲಿ ಬೀಡಿ ಹಚ್ಚುತ್ತಿದ್ದ ಅಪ್ಪನೂ ನಕ್ಕ. ಆ ನಗು ನನಗೆ ಇನ್ನೂ ಜೀರ್ಣವಾಗಿಲ್ಲ. ನನ್ನ ಅರ್ಧ ರಾಶಿಯನ್ನು ಅವ್ವನ ಬುಟ್ಟಿಗೆ ಸುರಿದು, ಮರುವಾರ ಕಾರವಾರದ ಬಸ್ಸು ಹತ್ತಿದೆ.

ಶಿರವಾಡದಲ್ಲಿ ಒಂದು ಗ್ಯಾರೇಜು. ಅಲ್ಲಿ ಹನ್ನೊಂದು ವರ್ಷ ಇದ್ದೆ. ಮೊದಲ ವರ್ಷ ಲಾರಿ ಟಯರಿನ ಒಳಗೆ ಕೈ ಹಾಕಿ ಮೊಳೆ ಹುಡುಕುವುದೇ ಕೆಲಸ. ಟಯರು ಎಲ್ಲಿ ನೋಯುತ್ತಿದೆ ಎಂದು ಬೆರಳಿಗೆ ತಿಳಿಯುತ್ತದೆ ಎಂದರೆ ಓದಿದವರು ನಗುತ್ತಾರೆ, ನಗಲಿ. ಹೆದ್ದಾರಿಯ ಪಕ್ಕದಲ್ಲಿ ಸ್ವಂತ ಅಂಗಡಿ ಹಾಕಿದಾಗ ನನಗೆ ಮೂವತ್ತು ಆಗಿರಲಿಲ್ಲ. ಅದಿರಿನ ಲಾರಿಗಳು ಬೇಲೇಕೇರಿ ಕಡೆಗೆ ಸಾಲು ಹಿಡಿದು ಓಡುತ್ತಿದ್ದ ಕಾಲ ಬಂತು. ಬೆಳಗಿನಿಂದ ಸಂಜೆಯ ತನಕ ಸೊಂಟ ನೇರ ಮಾಡಲು ಬಿಡುವಿರುತ್ತಿರಲಿಲ್ಲ.

ಆ ದಿನಗಳಲ್ಲೇ ಘಟ್ಟದ ಮೇಲಿನ ತೋಟದವರು ಜೀಪಿಗೆ ದೊಡ್ಡ ಟಯರು ಹಾಕಿಸಲು ಬರತೊಡಗಿದರು. ಮಳೆಗಾಲದ ಕೆಸರಿಗೆ ಬೇಕು ಎಂದು ಕೆಲವರು, ನೋಡಲು ಚೆಂದ ಎಂದು ಉಳಿದವರು. ಬೇರೆ ಅಂಗಡಿಗಳಲ್ಲಿ ಟಯರು ತೂರಿಸಿ, ಬೋಲ್ಟು ಬಿಗಿದು ಕಳಿಸಿಬಿಡುತ್ತಿದ್ದರು. ಮೊದಲ ತಿರುವಿನಲ್ಲಿ ಟಯರು ಮಡ್‌ಗಾರ್ಡಿಗೆ ಉಜ್ಜಿ ಸೀಳುತ್ತಿತ್ತು. ನಾನು ಹಾಗೆ ಮಾಡುತ್ತಿರಲಿಲ್ಲ. ಸ್ಪ್ರಿಂಗಿಗೆ ಒಂದು ಪ್ಲೇಟು ಹೆಚ್ಚು ಕೂರಿಸಿ ಜೀಪನ್ನು ಎತ್ತರಿಸುತ್ತಿದ್ದೆ. ಟಯರಿಗೆ ಎಲೆಯಡಿಕೆಯ ಸುಣ್ಣ ಬಳಿಯುತ್ತಿದ್ದೆ. ಆಮೇಲೆ ಜೀಪಿನ ತುಂಬ ಜನರನ್ನು ಕೂರಿಸಿ, ಸ್ಟೇರಿಂಗನ್ನು ಕೊನೆಯ ತನಕ ಎಡಕ್ಕೆ, ಕೊನೆಯ ತನಕ ಬಲಕ್ಕೆ ತಿರುಗಿಸಿ ಹಿಂದೆ ಮುಂದೆ ಓಡಿಸುತ್ತಿದ್ದೆ. ಮಡ್‌ಗಾರ್ಡಿನ ಒಳಗೆ ಎಲ್ಲಿ ಬಿಳಿ ಹತ್ತಿತೋ ಅಲ್ಲಿ ಕತ್ತರಿಸಬೇಕು. ಜ್ಯಾಕಿನ ಮೇಲೆ ನಿಂತ ಜೀಪಿನಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಭಾರ ಬಿದ್ದರೆ ಮಾತ್ರ ನಿಜ ಗೊತ್ತಾಗುತ್ತದೆ. ಇದನ್ನು ನನಗೆ ಯಾರೂ ಕಲಿಸಿದ್ದಲ್ಲ.

ಜೀಪು ಬಿಟ್ಟುಕೊಡುವಾಗ ಪ್ರತಿಯೊಬ್ಬರಿಗೂ ಒಂದು ಮಾತು ಹೇಳುತ್ತಿದ್ದೆ. "ಮೀಟರ್ ಮುಳ್ಳು ನಲವತ್ತು ತೋರ್ಸ್ದಾಗ ನೀವು ನಲವತ್ತೇಳ್ರಲ್ಲಿ ಇರ್ತ್ರಿ. ಚಕ್ರ ದೊಡ್ಡದಾಗ್ಯದೆ, ಓಟ ಹೆಚ್ಚಾಗ್ಯದೆ. ಬ್ರೇಕ್ ಮೊದ್ಲೇ ಹಾಕಿ." ಎಷ್ಟು ಜನರಿಗೆ ಹೇಳಿರಬಹುದೋ ಲೆಕ್ಕವಿಲ್ಲ. ಈ ಮಾತನ್ನು ಇಲ್ಲಿ ಬರೆದಿಟ್ಟಿರುತ್ತೇನೆ, ಮುಂದೆ ಬೇಕಾಗುತ್ತದೆ.

೨೦೦೪ರಲ್ಲಿ, ಮಳೆಗಾಲ ಮುಗಿದ ಸುಮಾರಿಗೆ, ಮಾವ ಸೈಕಲ್ ತಳ್ಳಿಕೊಂಡು ಅಂಗಡಿಗೆ ಬಂದ. ಅವನ ಸೈಕಲ್ಲಿನ ಪಂಕ್ಚರು ಯಾವಾಗಲೂ ನನ್ನ ಅಂಗಡಿಯಲ್ಲೇ. ಲಾರಿಗಳು ಕಾಯುತ್ತಿದ್ದರೂ ಅದನ್ನು ಮೊದಲು ಮಾಡಿಕೊಡುತ್ತಿದ್ದೆ. ಮಾತಾಡುತ್ತಿದ್ದದ್ದು ಕಡಿಮೆ. ಆ ದಿನ ಅವನೇ ಶುರು ಮಾಡಿದ.

"ಹಗ್ಗಕ್ಕೆ ಜನ ಇಲ್ಲ ತಮಾ. ನಲವತ್ತು ಬೇಕಾದಲ್ಲಿ ಇಪ್ಪತ್ತೆರಡು. ಹುಡುಗ್ರೆಲ್ಲ ಗೋವಾಕ್ಕೆ ಹೋದ್ರು, ಉಳ್ದವ್ರು ಯಾಂತ್ರಿಕ ದೋಣಿಗೆ ಹೋದ್ರು. ಅರ್ಗಾ ಕಡೆಯ ನಾಲ್ಕು ಮನೆಯವ್ರು ತಮ್ಮ ದಂಡೆ ನೇವಿಯವ್ರಿಗೆ ಹೋದ್ಮೇಲೆ ನಮ್ಮಲ್ಲಿಗೆ ಬಂದ್ರು ಹೇಳಿ ಇಷ್ಟಾದ್ರೂ ಆಗ್ತದೆ."

"ನನ್ನ ಜೀಪ್ ಅದೆಯಲ್ಲ," ಎಂದೆ. ಅಂಗಡಿಯ ಹಿಂದೆ ಒಂದು ಹಳೇ ಜೀಪು ಇಟ್ಟುಕೊಂಡಿದ್ದೆ, ನಾನೇ ಬಿಚ್ಚಿ ಜೋಡಿಸಿದ್ದು. "ಒಂದು ಕಡೆಯ ಹಗ್ಗ ಜೀಪಿಗೆ ಕಟ್ಟು. ಜನ ಎಲ್ಲ ಇನ್ನೊಂದು ಕಡೆ ನಿಲ್ಲಲಿ."

ಮಾವ ಸೈಕಲ್ಲಿನ ಟ್ಯೂಬನ್ನು ಬೆರಳಿನಿಂದ ಒತ್ತಿ ನೋಡಿದ. "ಮತ್ತೆ ಜೀಪಿಗೆ ಎಂತ ಪಾಲು ಕೊಡೂದು? ಅದು ಮೀನ್ ತಿಂತದ್ಯಾ?"

"ಜೀಪಿಗೆ ಬೇಡ. ನಂಗೆ. ಅಪ್ಪನ ಜಾಗ, ಪೂರ್ತಿ ಪಾಲು."

ನನ್ನ ಮನೆಯಲ್ಲಿ ಮೀನಿಗೆ ಬರವಿರಲಿಲ್ಲ, ಬೇಕಾದರೆ ಬುಟ್ಟಿಗಟ್ಟಲೆ ಕೊಳ್ಳಬಲ್ಲವನಾಗಿದ್ದೆ. ಮಾವನಿಗೂ ಅದು ಗೊತ್ತಿತ್ತು. ಅವನು ನನ್ನ ಮುಖ ನೋಡಿ, "ಆಯ್ತು ಮಾರಾಯ. ಒಂದು ಸಲ ನೋಡ್ವಾ. ಆದ್ರೆ ಈ ವರ್ಷ ಪೂರ್ತಿ ನೀನೇ ಎಳಿ. ಆಗದಿದ್ರೆ ಬಲೆ ಕಟ್ಟಿ ಅಟ್ಟಕ್ಕೆ ಹಾಕೂದೇಯ," ಎಂದ. ಹತ್ತೊಂಬತ್ತು ವರ್ಷದ ಹಿಂದಿನ ಒಂದು ರಾಶಿ ಮೀನಿಗಾಗಿ ಮೂವತ್ತಮೂರರ ಗಂಡಸು ಅಷ್ಟು ಬೇಗ ಖುಷಿಪಟ್ಟನಲ್ಲ ಎಂದು ಈಗ ನಾಚಿಕೆಯಾಗುತ್ತದೆ.

ಜೀಪನ್ನು ದಂಡೆಗೆ ಒಯ್ದು ನೋಡಿದೆ. ಮಾಮೂಲಿ ಟಯರು, ಇಪ್ಪತ್ತೆಂಟು ಇಂಚು ಎತ್ತರ. ಒಂದು ದೋಣಿಯನ್ನು ಕಟ್ಟಿ ಎಳೆದರೆ ಜೀಪು ಮರಳಲ್ಲಿ ಗರಗರ ಸುತ್ತಿ, ತೆವಳಿ ತೆವಳಿ ನಾಲ್ಕು ಮಾರು ಎಳೆದು, ಆಮೇಲೆ ಹೊಟ್ಟೆಯ ತನಕ ಹೂತುಕೊಂಡಿತು. ಹಗ್ಗದವರೇ ಬಂದು ಅದನ್ನು ಎತ್ತಬೇಕಾಯಿತು. "ಇದನ್ನ ಎಳೂಕೆ ಇನ್ನೊಂದು ಜೀಪ್ ತಾರೋ," ಎಂದ ಒಬ್ಬ. ಮತ್ತೆ ನಗು. ಸರಿ, ದೊಡ್ಡ ಟಯರು ಹಾಕುತ್ತೇನೆ ಎಂದು ಅಲ್ಲೇ ನಿಶ್ಚಯ ಮಾಡಿದೆ.

ಟಯರು ಸಿಕ್ಕಿದ್ದು ಹರಾಜಿನ ಹಳೇ ಸಾಮಾನಿನಲ್ಲಿ. ನಾಲ್ಕು, ಮೂವತ್ತಮೂರು ಇಂಚು ಎತ್ತರ, ಒಂದು ಗೇಣಿಗಿಂತ ಹೆಚ್ಚು ಅಗಲ, ಮೈಮೇಲಿನ ಗೆರೆ ಮುಕ್ಕಾಲು ಸವೆಯದೆ ಉಳಿದಿತ್ತು. ನನ್ನ ರಿಮ್ಮಿಗೆ ಅವು ಕೂರುವಂತಿರಲಿಲ್ಲ. ಕಾರವಾರದ ವೆಲ್ಡಿಂಗಿನವನ ಹತ್ತಿರ ನಾಲ್ಕೂ ರಿಮ್ಮು ಸೀಳಿಸಿ, ನಡುವೆ ಪಟ್ಟಿ ಕೊಟ್ಟು ಅಗಲ ಮಾಡಿಸಿದೆ. ಸೋಪಿನ ನೀರು ಬಳಿದು, ಎರಡು ಲಿವರ್ ಹಿಡಿದು, ಮೊಣಕಾಲು ಊರಿ ಒಂದೊಂದನ್ನು ಏರಿಸಿದೆ. ಗಾಳಿ ತುಂಬುವಾಗ ಟಯರಿನ ಅಂಚು ರಿಮ್ಮಿಗೆ ಬಂದು 'ಢಬ್' ಎಂದು ಕೂರುತ್ತದೆ; ನಾಲ್ಕು ಸಲ ಆ ಸದ್ದು ಕೇಳಿದಾಗ ಹೊಟ್ಟೆ ತುಂಬಿದ ಹಾಗಾಯಿತು. ಸ್ಪ್ರಿಂಗಿಗೆ ಪ್ಲೇಟು ಸೇರಿಸಿದೆ, ಉದ್ದದ ಯು-ಬೋಲ್ಟು ಹಾಕಿದೆ. ಮೂರು ದಿನದ ಕೆಲಸ. ಆ ಮೂರು ದಿನ ಲಾರಿಯವರನ್ನು ಬೇರೆ ಅಂಗಡಿಗೆ ಕಳಿಸಿದೆ.

ಸುಣ್ಣದ ಪರೀಕ್ಷೆಗೆ ಭಾರ ಬೇಕಿತ್ತು. ಅಂಗಡಿಯ ಎದುರು ಮೀನು ಮಾರುವ ಹೆಂಗಸರು ಬಸ್ಸಿಗೆ ಕಾಯುತ್ತಿದ್ದರು, ನಮ್ಮ ದಂಡೆಯವರೇ, ಐದು ಜನ.

"ಅಕ್ಕಾ, ಒಂದ್ನಿಮಿಷ ಜೀಪ್ ಹತ್ತಿ ಕೂತ್ಕಳಿ."

"ಎಲ್ಲಿಗೆ ಕರ್ಕಂಡ್ ಹೋಗ್ತೆ ಪುತಾ?" ಎಂದಳು ಎಲ್ಲರಿಗಿಂತ ದೊಡ್ಡವಳು. ಮನೆಯಲ್ಲಿ ಕೊಂಕಣಿ ಮಾತಾಡುವವಳು, ಎಲ್ಲರನ್ನೂ ಮಗನೇ ಎಂದೇ ಕರೆಯುವವಳು.

"ಎಲ್ಲಿಗೂ ಇಲ್ಲ. ಜೀಪಿಗೆ ಭಾರ ಬೇಕು."

"ಕೇಳ್ದ್ರೇನೇ? ನಮ್ಮನ್ನ ಭಾರ ಹೇಳ್ತಾನೆ!"

"ಸುಳ್ಳಾ ಅಕ್ಕ? ನೀನು ಹಿಂದೆ ಕೂತ್ರೆ ಜೀಪ್ ಮುಂದಿನ ಕಾಲು ಎತ್ತುತ್ತದೆ," ಎಂದಳು ಇನ್ನೊಬ್ಬಳು. ಬುಟ್ಟಿಗಳ ಸಮೇತ ಐದೂ ಜನ ಹತ್ತಿದರು. ಟಯರಿನ ಬಿಳಿ ನೋಡಿ ದೊಡ್ಡವಳು, "ಸುಣ್ಣ ಹಚ್ಚ್ದೆ ಸರಿ, ಎಲೆ ಅಡಿಕೆ ಎಲ್ಲದೆ?" ಎಂದಳು. ಅಂಗಳದಲ್ಲಿ ಎಡಕ್ಕೂ ಬಲಕ್ಕೂ ತಿರುಗಿಸುವಾಗ ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದು ಕೂಗಿ ನಕ್ಕರು. ಬಸ್ಸು ಬಂದು ಹಾರನ್ ಹೊಡೆದರೂ ಇಳಿಯಲಿಲ್ಲ. ಇಳಿದ ಮೇಲೆ ಒಬ್ಬಳು ಜೀಪಿನ ಬದಿ ತಟ್ಟಿ, "ನಾಡಿದ್ದು ಬಂಗಡೆ ತಂದು ಹಾಕು, ನಮ್ಮ ಬಾಡಿಗೆ ಅದೇ," ಎಂದಳು. ಆ ಮೂರು ದಿನದಲ್ಲಿ ಚೆನ್ನಾಗಿದ್ದದ್ದು ಆ ಕಾಲು ಗಂಟೆ.

ಬಿಳಿ ಹತ್ತಿದಲ್ಲಿ ಮಡ್‌ಗಾರ್ಡು ಕತ್ತರಿಸುತ್ತಿದ್ದಾಗ ಮಾವ ಬಂದ. ಟಯರನ್ನು ಕೈಯಿಂದ ಮುಟ್ಟಿ, ಸುತ್ತ ಒಂದು ಸಲ ನಡೆದ. ಅವನು ಶಾಲೆಯ ಮೆಟ್ಟಿಲು ಹತ್ತಿದವನೇ ಅಲ್ಲ.

"ತಮಾ, ಚಕ್ರ ಇಷ್ಟು ದೊಡ್ಡದಾದ್ರೆ ಜೀಪಿನ ಓಟ ಹೆಚ್ಚಾಗೂದಿಲ್ವನಾ? ರಂಪಣಿ ನಿಧಾನ ಬರ್ಬೇಕು."

ನನ್ನ ಬಾಯಿಂದ ನೂರಾರು ಜನ ಕೇಳಿದ ಮಾತು ಅದು. ಆ ಹೊತ್ತಿಗೆ ನನಗೆ ಕೇಳಿಸಿದ್ದು ಮಾತ್ರ ಬೇರೆ: ಜಾಗ ಅಪ್ಪಂದು, ಕೈ ನಿಂದು. "ಮಾವ, ಬಲೆ ಬಗ್ಗೆ ನಾ ಮಾತಾಡೂದಿಲ್ಲ. ಟಯರ್ ಬಗ್ಗೆ ನೀ ಮಾತಾಡ್ಬೇಡ," ಎಂದೆ. ಕತ್ತರಿಸುವ ಕೆಲಸ ಮುಂದುವರಿಸಿದೆ. 

ಬಲೆ ಬಿಟ್ಟ ಆ ಬೆಳಿಗ್ಗೆ ನೀರು ತಿಳಿಯಾಗಿತ್ತು. ಬಂಗಡೆಯ ಹಿಂಡು ದಂಡೆಯ ಹತ್ತಿರ ಬಂದಿದೆ ಎಂದು ಹೊತ್ತು ಮೂಡುವಾಗಲೇ ಹೇಳಿಕಳಿಸಿದ್ದರು. ನಾನು ಹೋಗುವಷ್ಟರಲ್ಲಿ ಬಲೆ ಬಿಟ್ಟು ಆಗಿತ್ತು. ಮೀನಿನ ಹಿಂಡಿಗೆ ಬಲೆಯ ಒಳಗಿನ ನೀರು ಕಪ್ಪಗೆ ಕಾಣುತ್ತಿತ್ತು, ಮೇಲೆ ಹಕ್ಕಿಗಳು ಸುತ್ತುತ್ತಿದ್ದವು. ಹೆಂಗಸರು ಬುಟ್ಟಿಗಳನ್ನು ಸಾಲಾಗಿ ಇಟ್ಟು ಕೂತಿದ್ದರು. ಬಲಗಡೆಯ ಹಗ್ಗಕ್ಕೆ ಇಪ್ಪತ್ತೆರಡು ಜನ. ಎಡಗಡೆಯ ಹಗ್ಗ, ಅಪ್ಪ ನಿಲ್ಲುತ್ತಿದ್ದ ಹಗ್ಗ, ನನ್ನ ಜೀಪಿಗೆ.

ಟಯರಿನ ಗಾಳಿಯನ್ನು ಹನ್ನೆರಡು ಪೌಂಡಿಗೆ ಇಳಿಸಿದೆ. ಅವು ಮರಳಿನ ಮೇಲೆ ಚಪ್ಪಟೆಯಾಗಿ ಹರಡಿ ಕೂತವು. ಹಗ್ಗವನ್ನು ಹಿಂದಿನ ಕೊಕ್ಕೆಗೆ ಸಿಕ್ಕಿಸಿ, ನಾಲ್ಕೂ ಚಕ್ರದ ಗೇರು ಹಾಕಿ, ಸಣ್ಣ ಗೇರಿನಲ್ಲಿ ಕ್ಲಚ್ಚು ಬಿಟ್ಟೆ. ಜೀಪು ಒಂದಿಷ್ಟೂ ಹೂಳದೆ, ಸುತ್ತದೆ, ಡಾಂಬರಿನ ಮೇಲೆ ಹೋದ ಹಾಗೆ ದಂಡೆಯ ಮೇಲ್ಗಡೆಯ ಗಾಳಿಮರದ ಕಡೆಗೆ ಏರಿತು. ಹಗ್ಗ ಹಿಂದೆ ನೇರವಾಗಿ ಬಂತು. ನಾನು ಕೂಗಿದೆ ಎಂದು ಕಾಣುತ್ತದೆ.

ಹಳೇ ಟಯರು ಮರಳಲ್ಲಿ ಜಾರುತ್ತಿತ್ತು. ಆ ಜಾರುವಿಕೆಯೇ ಜೀಪಿಗೆ ಲಗಾಮಾಗಿತ್ತು. ಈಗ ಜಾರುವುದು ನಿಂತಿತ್ತು, ಅದರ ಮೇಲೆ ಚಕ್ರದ ಪ್ರತಿ ಸುತ್ತಿಗೂ ಒಂದೂಕಾಲು ಅಡಿ ಹೆಚ್ಚು ಹಗ್ಗ ಬರುತ್ತಿತ್ತು. ಎಂಜಿನ್ನಿನ ಸದ್ದಿಗೆ ಕೂಗುವವನ 'ಹೋಯ್' ಯಾರಿಗೂ ಕೇಳಿಸಲಿಲ್ಲ. ಬಲಗಡೆಯವರು ನನ್ನ ಓಟ ನೋಡಿ ಸರಿಗಟ್ಟಲು ಹೋಗಿ, ಎಡವಿ, ಒಬ್ಬರ ಕಾಲು ಒಬ್ಬರು ತುಳಿದು ಹಿಂದೆ ಬಿದ್ದರು. ಇದೆಲ್ಲ ಆಮೇಲೆ ಬೇರೆಯವರು ಹೇಳಿದ್ದು. ನನಗೆ ಕನ್ನಡಿಯಲ್ಲಿ ಕಂಡದ್ದು ಮಾವ ಮಾತ್ರ. ಸೊಂಟದ ತನಕ ನೀರಿನಲ್ಲಿ ನಿಂತು, ತಲೆಯ ಪಂಚೆ ಬಿಚ್ಚಿ ಎರಡೂ ಕೈಯಲ್ಲಿ ಬೀಸುತ್ತಿದ್ದ. ಶಾಬಾಸ್ ಹೇಳುತ್ತಿದ್ದಾನೆ ಎಂದುಕೊಂಡೆ. ಇನ್ನಷ್ಟು ಆಕ್ಸಿಲೇಟರ್ ಕೊಟ್ಟೆ.

ರಂಪಣಿಯ ಕೆಳ ಅಂಚಿಗೆ ಭಾರದ ಗುಂಡುಗಳಿರುತ್ತವೆ. ನಿಧಾನ ಎಳೆದರೆ ಅವು ನೆಲ ಸವರುತ್ತ ಬರುತ್ತವೆ, ಮೀನಿಗೆ ಹೋಗಲು ದಾರಿ ಇರುವುದಿಲ್ಲ. ಜೋರು ಎಳೆದರೆ ಬಲೆಯ ಬುಡ ನೆಲ ಬಿಟ್ಟು ಮೇಲೇಳುತ್ತದೆ. ಎರಡು ವರ್ಷ ಹಗ್ಗ ಹಿಡಿದ ನನಗೆ ಇದು ಗೊತ್ತಿರಲಿಲ್ಲವೆ? ಗೊತ್ತಿತ್ತು. ಚಕ್ರದ್ದೂ ಗೊತ್ತಿತ್ತು, ಬಲೆಯದ್ದೂ ಗೊತ್ತಿತ್ತು. ಎರಡನ್ನೂ ಬಲ್ಲವನು ಆ ದಂಡೆಯಲ್ಲಿ ನಾನೊಬ್ಬನೇ.

ಗಾಳಿಮರದ ಹತ್ತಿರ ಜೀಪು ನಿಲ್ಲಿಸಿ ಇಳಿದೆ. ಹಕ್ಕಿಗಳು ಬಲೆಯ ಆಚೆಗೆ ಹೋಗಿದ್ದವು. ನೀರಿನ ಕಪ್ಪು ಕೂಡ ಬಲೆಯ ಆಚೆಗೆ ಹೋಗಿ, ನೋಡುತ್ತಿದ್ದ ಹಾಗೆ ದಕ್ಷಿಣಕ್ಕೆ ಸರಿಯಿತು. ಉಳಿದ ಬಲೆಯನ್ನು ಜನ ಕೈಯಿಂದಲೇ ಎಳೆದು ತಂದರು. ಒಳಗೆ ಸಿಕ್ಕಿದ್ದು ನಾಲ್ಕೈದು ಬುಟ್ಟಿ ಬಂಗಡೆ, ಉಳಿದದ್ದು ಕಸ.

"ಇದಕ್ಕೇ ನಮ್ಮನ್ನ ತೂಕಕ್ಕೆ ಹಾಕಿದ್ಯೋ ಪುತಾ?" ಎಂದಳು ಅದೇ ದೊಡ್ಡ ಹೆಂಗಸು. ಬೈದದ್ದಲ್ಲ, ಮೆಲ್ಲಗೆ ಹೇಳಿದಳು. ಬೈದಿದ್ದರೆ ತಿರುಗಿ ಏನಾದರೂ ಹೇಳುತ್ತಿದ್ದೆ.

ಮಾವ ಒದ್ದೆ ಪಂಚೆ ಹಿಂಡಿ ತಲೆಗೆ ಸುತ್ತಿಕೊಂಡ. ಎಂದಿನ ಹಾಗೆ ಕುಕ್ಕರಗಾಲಲ್ಲಿ ಕೂತು ರಾಶಿ ಹಾಕಿದ. ಪುಟ್ಟ ಪುಟ್ಟ ರಾಶಿಗಳು, ಒಂದೊಂದರಲ್ಲಿ ಒಂದು ಮನೆಯ ಒಂದು ಹೊತ್ತಿನ ಸಾರಿಗೆ ಆಗುವಷ್ಟು. ಇಪ್ಪತ್ತೆರಡು ರಾಶಿ ಹಾಕಿ, ದೋಣಿಯವರದ್ದೂ ಬಲೆಯದ್ದೂ ಬೇರೆ ತೆಗೆದು, ಕೊನೆಗೆ ಎಡಗಡೆ ಇನ್ನೊಂದು ಹಾಕಿದ. ಅದು ಉಳಿದವುಗಳ ಅರ್ಧ.

"ಅದು ಯಾರಿಗೆ ಮಾವ?" ಎಂದೆ. ಗೊತ್ತಿದ್ದೇ ಕೇಳಿದೆ.

"ನಿಂಗೆ. ಹಗ್ಗದಲ್ಲಿ ಇದ್ದವ್ನಿಗೆ ಇಲ್ಲ ಹೇಳೂಕೆ ಬರೂದಿಲ್ಲ."

"ಅರ್ಧ?"

"ಮತ್ತೆಂತ ಹೇಳ್ಲಿ ತಮಾ? ನೀನೇ ಹೇಳು, ಪೂರ್ತಿ ಹಾಕ್ಲಾ?"

ಅವನ ದನಿಯಲ್ಲಿ ಕುಹಕವಿರಲಿಲ್ಲ. ಹಾಕು ಎಂದಿದ್ದರೆ ಆ ಮನುಷ್ಯ ತನ್ನ ರಾಶಿಯಿಂದಲೇ ತೆಗೆದು ಹಾಕುತ್ತಿದ್ದ, ಅದೂ ನನಗೆ ಗೊತ್ತು. ಇಪ್ಪತ್ತೆರಡು ಜನ ನನ್ನ ಬಾಯಿ ನೋಡುತ್ತಿದ್ದರು. ಟಯರಿನ ಬಗ್ಗೆ ನೀನು ಕೇಳಿದ್ದು ಸರಿ ಇತ್ತು ಎಂದು ಒಂದು ಮಾತು ಹೇಳಿದ್ದರೂ ಸಾಕಿತ್ತು. ಅಷ್ಟು ಹೇಳಲು ನನ್ನಿಂದ ಆಗಲಿಲ್ಲ. ಜೀಪು ಹತ್ತಿ ಬಂದುಬಿಟ್ಟೆ. ಮೀನು ಮರಳಿನ ಮೇಲೆಯೇ ಉಳಿಯಿತು. ಕಾಗೆ ತಿಂದವೋ, ಯಾರಾದರೂ ಬುಟ್ಟಿಗೆ ಹಾಕಿಕೊಂಡರೋ, ಕೇಳಲಿಲ್ಲ.

ಆ ವರ್ಷವೇ ಬಲೆ ಅಟ್ಟ ಸೇರಿತು. ಈಗಲೂ ನಮ್ಮ ದಂಡೆಯಲ್ಲಿ ಕೇಳಿದರೆ, ಜೀಪು ಬಂದು ರಂಪಣಿ ಮುಗಿಯಿತು ಎನ್ನುತ್ತಾರೆ. ಗೋವಾಕ್ಕೆ ಹೋದ ಹುಡುಗರು ಹಬ್ಬಕ್ಕೆ ಬಂದಾಗಲೂ ಇದನ್ನೇ ಹೇಳುತ್ತಾರೆ, ಅಂಗಡಿಗೆ ಬಂದು ನನ್ನ ಹತ್ತಿರವೇ ಹೇಳುತ್ತಾರೆ, ಬೈಕಿಗೆ ಗಾಳಿ ಹಾಕಿಸಿಕೊಳ್ಳುತ್ತ. ಹದಿನೆಂಟು ಜನ ಹಗ್ಗ ಬಿಟ್ಟು ಹೋದದ್ದು ಲೆಕ್ಕಕ್ಕಿಲ್ಲ. ನಾನು ಹಗ್ಗ ಹಿಡಿಯಲು ಬಂದದ್ದೇ ತಪ್ಪಾಯಿತು. ಒಂದೇ ಒಂದು ಬೆಳಿಗ್ಗೆ. ಅಪ್ಪ ಆ ವರ್ಷದ ಮಳೆಗಾಲಕ್ಕೆ ಮೊದಲೇ ತೀರಿಕೊಂಡಿದ್ದ, ಅದೊಂದು ಒಳ್ಳೆಯದಾಯಿತು. ಇದ್ದಿದ್ದರೆ ಅವನೂ ನಗುತ್ತಿದ್ದನೋ ಏನೋ.

ಮಾವ ಆಮೇಲೆ ನನ್ನ ಅಂಗಡಿಗೆ ಬರಲಿಲ್ಲ. ಸೈಕಲ್ಲು ಪಂಕ್ಚರಾದರೆ ನನ್ನ ಅಂಗಡಿಯ ಮುಂದೆಯೇ ಅದನ್ನು ತಳ್ಳಿಕೊಂಡು, ಅಂಕೋಲೆಯ ಕಡೆಯ ಇನ್ನೊಂದು ಅಂಗಡಿಯ ತನಕ ಬಿಸಿಲಲ್ಲಿ ನಡೆದು ಹೋಗುತ್ತಾನೆ. ಎಪ್ಪತ್ತು ದಾಟಿದ ಮುದುಕ. ಗಾಳಿ ಇಲ್ಲದ ಚಕ್ರ ಡಾಂಬರಿಗೆ ಬಡಿಯುವ ಸದ್ದು ಲಾರಿಗಳ ನಡುವೆಯೂ ನನಗೆ ಕೇಳಿಸುತ್ತದೆ. ಅವನು ಈಚೆ ನೋಡುವುದಿಲ್ಲ. ನಾನೂ ಕರೆಯುವುದಿಲ್ಲ. ಐದು ವರ್ಷವಾಯಿತು.

ದೊಡ್ಡ ಟಯರುಗಳನ್ನು ಅದೇ ವಾರ ಕಳಚಿದೆ. ಘಟ್ಟದ ಮೇಲಿನವರು ಬಂದಾಗ ಅವನ್ನು ನೋಡಿ ಕೇಳುತ್ತಾರೆ, ಕೊಡುವುದಿಲ್ಲ ಎನ್ನುತ್ತೇನೆ. ಬೇರೆ ಟಯರು ತಂದರೆ ಹಾಕಿಕೊಡುತ್ತೇನೆ, ಸುಣ್ಣ ಬಳಿದು ನೋಡಿಯೇ ಕೊಡುತ್ತೇನೆ. ನಲವತ್ತು, ನಲವತ್ತೇಳರ ಮಾತನ್ನೂ ಹೇಳುತ್ತೇನೆ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಹೆದ್ದಾರಿಯ ಬದಿಗೆ ಒಂದು ಅಂಗಡಿ. ಕಂಪ್ರೆಸರ್ ಒಂದು, ಜ್ಯಾಕು ಮೂರು, ಲಿವರ್ ಆರು. ಓಡುವ ಜೀಪು ಒಂದು, ಸಣ್ಣ ಟಯರಿನದ್ದು, ಮಡ್‌ಗಾರ್ಡು ಕತ್ತರಿಸಿದ್ದು. ಅಂಗಡಿಯ ಹಿಂದೆ ಮೂವತ್ತಮೂರು ಇಂಚಿನ ಟಯರು ನಾಲ್ಕು. ಬೆರಳು ಹತ್ತು. ದಂಡೆಯಲ್ಲಿ ಪಾಲು ಅರ್ಧ, ತೆಗೆದುಕೊಳ್ಳದೆ ಬಿಟ್ಟು ಬಂದದ್ದು.